ಹವಾಮಾನ ಸುದ್ದಿ: ‘ಸಾಧ್ಯತೆ’ ಎಂದರೆ ಎಷ್ಟು?

ಹನೂರು: ‘ಚಾಮರಾಜನಗರ ಜಿಲ್ಲೆಗೆ ಯೆಲ್ಲೋ ಅಲರ್ಟ್, ಭಾರಿ ಮಳೆ ಸಾಧ್ಯತೆ’. ಮಳೆಗಾಲದಲ್ಲಿ ಪತ್ರಿಕೆ, ಟಿ.ವಿ. ವಾಹಿನಿ ಹಾಗೂ ಮೊಬೈಲ್ ಪರದೆಗಳ ಮೇಲೆ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಸಾಲು ಇದು. ಬಂಡೀಪುರದ ಕಾಡಿನಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ ರಸ್ತೆಯಲ್ಲಿ ನೂರು ಕಿ.ಮೀ.ಗೂ ಹೆಚ್ಚು ಚಾಚಿಕೊಂಡಿರುವ ಜಿಲ್ಲೆಯ ಯಾವ ಭಾಗಕ್ಕೆ ಈ ಮಾತು ಅನ್ವಯಿಸುತ್ತದೆ, ಮಳೆ ಬರುವ ಸಂಭವ ಎಷ್ಟು, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂಬ ಮೂರು ಪ್ರಶ್ನೆಗಳಿಗೆ ಆ ಸಾಲಿನಲ್ಲಿ ಉತ್ತರ ಸಿಗುವುದಿಲ್ಲ. ಸೋಜಿಗವೆಂದರೆ, ಹವಾಮಾನ ಇಲಾಖೆ ಹೊರಡಿಸುವ ಮೂಲ ಪ್ರಕಟಣೆಯಲ್ಲಿ ಈ ಮೂರಕ್ಕೂ ಉತ್ತರ ಇರುತ್ತದೆ. ಪ್ರಕಟಣೆ ಸುದ್ದಿಯಾಗುವ ದಾರಿಯಲ್ಲಿ ಅದು ಉದುರಿಹೋಗುತ್ತದೆ.

ಹೀಗೆ ಉದುರುವುದರಿಂದ ನಷ್ಟ ಯಾರಿಗೆ ಎಂಬುದನ್ನು ತಿಳಿಯಲು ಹೂಗ್ಯಂನಂಥ ಊರಿನಿಂದ ನೋಡುವುದು ಒಳ್ಳೆಯದು. ಕೊಳ್ಳೇಗಾಲದಿಂದ ಬೇರ್ಪಟ್ಟು ರೂಪುಗೊಂಡ ಹನೂರು ತಾಲ್ಲೂಕಿನಲ್ಲಿ, ತಮಿಳುನಾಡಿನ ಗಡಿಗೆ ಸಮೀಪ, ಕಾಡಿನ ಅಂಚಿನಲ್ಲಿರುವ ಗ್ರಾಮವಿದು. 2025ರ ಜೂನ್‌ನಲ್ಲಿ ತಾಯಿ ಹುಲಿ ಹಾಗೂ ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತಾಗ ಹೂಗ್ಯಂ ಅರಣ್ಯ ವಲಯದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಹವಾಮಾನ ಸುದ್ದಿಯಲ್ಲಿ ಮಾತ್ರ ಈ ಹೆಸರು ಕಾಣುವುದು ಅಪರೂಪ. ಅಲ್ಲಿ ಇರುವುದು ‘ಜಿಲ್ಲೆ’, ಅದಕ್ಕೂ ಮೇಲೆ ‘ದಕ್ಷಿಣ ಒಳನಾಡು’.

ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲಿ ಬರಿದಾಗಿ ಬರುವುದರಿಂದ ಹನೂರು ಭಾಗ ಮಳೆ ನೆರಳಿನ ಪ್ರದೇಶ. ಇಲ್ಲಿ ನಿಜವಾಗಿ ನೀರು ಸುರಿಯುವುದು ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ, ಬಳಿಕ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಅದರ ಬಾಲ ಇಲ್ಲಿಗೂ ತಾಕುತ್ತದೆ. ಇದೇ ಪ್ರದೇಶದ ಇನ್ನೊಂದು ಮಗ್ಗುಲಲ್ಲಿ, ಕೊಳ್ಳೇಗಾಲ ತಾಲ್ಲೂಕಿನ ಕಾವೇರಿ ದಂಡೆಯ ಹಳ್ಳಿಗಳಲ್ಲಿ, ಒಂದು ಹನಿ ಮಳೆ ಬೀಳದಿದ್ದರೂ ಪ್ರವಾಹ ಬರುತ್ತದೆ. ಅದು ಕೊಡಗು ಮತ್ತು ವಯನಾಡಿನಲ್ಲಿ ಬಿದ್ದ ಮಳೆ. ಗುಡುಗು, ಚಂಡಮಾರುತ, ಹೊಳೆ ಈ ಮೂರರ ಮುನ್ಸೂಚನೆಗಳು ಒಂದೇ ಪ್ರಮಾಣದಲ್ಲಿ ಖಚಿತವಾದವುಗಳಲ್ಲ. ಆದರೆ ಸುದ್ದಿಯಲ್ಲಿ ಮೂರೂ ಒಂದೇ ದನಿಯಲ್ಲಿ, ‘ಎಚ್ಚರಿಕೆ’ ಎಂಬ ಒಂದೇ ಪದದಲ್ಲಿ ಓದುಗರ ಮುಂದೆ ಬಂದು ನಿಲ್ಲುತ್ತವೆ.

‘ಒಂದೆರಡು ಕಡೆ’ ಎಲ್ಲಿ ಹೋಯಿತು?

ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲಿ ಪದಗಳಿಗೆ ನಿಗದಿತ ಅರ್ಥವಿದೆ. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ. ‘ಕೆಲವು ಕಡೆ’ ಎಂದರೆ ಶೇ 26ರಿಂದ 50, ‘ಹಲವು ಕಡೆ’ ಎಂದರೆ ಶೇ 51ರಿಂದ 75, ‘ಬಹುತೇಕ ಕಡೆ’ ಎಂದರೆ ಅದಕ್ಕೂ ಮೇಲೆ. ‘ಭಾರಿ ಮಳೆ’ ಎಂಬುದು ಕೂಡ ಅಲಂಕಾರದ ಮಾತಲ್ಲ. 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗಿನ ಮಳೆಗೆ ಆ ಹೆಸರು. 115.6ರಿಂದ 204.4 ಮಿ.ಮೀ.ವರೆಗೆ ಅತಿ ಭಾರಿ, ಅದನ್ನು ಮೀರಿದರೆ ಅತ್ಯಂತ ಭಾರಿ ಮಳೆ.

ಇನ್ನು ಸಂಭವದ ಲೆಕ್ಕ. ಇಲಾಖೆಯ ಇಂಗ್ಲಿಷ್ ಪ್ರಕಟಣೆಯಲ್ಲಿ ‘ಲೈಕ್ಲಿ’ ಎಂದಿದ್ದರೆ ಅದರರ್ಥ ಶೇ 25ರಿಂದ 50ರಷ್ಟು ಸಂಭವ. ‘ವೆರಿ ಲೈಕ್ಲಿ’ ಎಂದರೆ ಶೇ 50ರಿಂದ 75. ‘ಮೋಸ್ಟ್ ಲೈಕ್ಲಿ’ ಎಂದರೆ ಶೇ 75ನ್ನು ಮೀರಿದ್ದು. ಸಾಮಾನ್ಯ ಓದುಗ ‘ಲೈಕ್ಲಿ’ ಪದವನ್ನು ‘ಬರುವುದೇ ಹೆಚ್ಚು’ ಎಂದು ತಿಳಿಯುತ್ತಾನೆ. ಇಲಾಖೆಯ ಅರ್ಥದಲ್ಲಿ ಅದು ಬರುವುದಕ್ಕಿಂತ ಬಾರದಿರುವ ಕಡೆಗೇ ವಾಲಿರುವ ಮಾತು. ಕನ್ನಡಕ್ಕೆ ಬರುವಾಗ ಈ ಮೂರೂ ಮೆಟ್ಟಿಲುಗಳು ‘ಸಾಧ್ಯತೆ’ ಎಂಬ ಒಂದೇ ಪದದಲ್ಲಿ ಕರಗಿಹೋಗುತ್ತವೆ. ತಲೆಬರಹಕ್ಕೆ ಏರುವ ಹೊತ್ತಿಗೆ ‘ಸಾಧ್ಯತೆ’ಯೂ ಬಿದ್ದುಹೋಗಿ ‘ಸುರಿಯಲಿದೆ’, ‘ಅಪ್ಪಳಿಸಲಿದೆ’ ಉಳಿಯುತ್ತದೆ. ‘ಬಹುದು’ ಎಂಬಲ್ಲಿ ‘ಲಿದೆ’ ಕುಳಿತರೆ ಎರಡು ಅಕ್ಷರ ಉಳಿತಾಯವೇನೂ ಆಗುವುದಿಲ್ಲ. ಆದರೆ ವಾಕ್ಯದ ಸತ್ಯ ಬದಲಾಗುತ್ತದೆ.

ಲೆಕ್ಕ ಹಾಕಿ ನೋಡಬಹುದು. ‘ಜಿಲ್ಲೆಯ ಒಂದೆರಡು ಕಡೆ ಭಾರಿ ಮಳೆ’ ಎಂಬ ಮುನ್ಸೂಚನೆಗೆ ‘ಲೈಕ್ಲಿ’ ಸೇರಿಕೊಂಡಿದ್ದರೆ, ಹೆಚ್ಚೆಂದರೆ ಕಾಲು ಭಾಗ ಸ್ಥಳಗಳು, ಹೆಚ್ಚೆಂದರೆ ಅರ್ಧ ಸಂಭವ. ಎರಡನ್ನೂ ಗುಣಿಸಿದರೆ ಯಾವುದೋ ಒಂದು ಹಳ್ಳಿಯ ಪಾಲಿಗೆ ಬರುವುದು ಸ್ಥೂಲವಾಗಿ ಎಂಟರಲ್ಲಿ ಒಂದು ಪಾಲು, ಅಥವಾ ಅದಕ್ಕೂ ಕಡಿಮೆ. (ಬೆಟ್ಟದ ನೆತ್ತಿಗೂ ಬಯಲಿಗೂ ಈ ಪಾಲು ಒಂದೇ ಅಲ್ಲ, ಯಳಂದೂರು ತಾಲ್ಲೂಕಿನಲ್ಲೇ ಬಿಳಿಗಿರಿರಂಗನ ಬೆಟ್ಟದ ಮೇಲೆ ಬೀಳುವ ಮಳೆಗೂ ತಪ್ಪಲಿನ ಹಳ್ಳಿಗಳ ಮಳೆಗೂ ಅಜಗಜಾಂತರವಿದೆ.)

ಹಾಗೆಂದು ಎಚ್ಚರಿಕೆ ನಿರರ್ಥಕವೆಂದಲ್ಲ. ಎಂಟರಲ್ಲಿ ಒಂದು ಪಾಲು ಕೂಡ ಕೆಲವರಿಗೆ ದೊಡ್ಡದು. ಕೊಯ್ದ ರಾಗಿ ಹೊಲದಲ್ಲಿ ಬಿದ್ದಿರುವ ರೈತನಿಗೆ ಮೆದೆಯ ಮೇಲೆ ಟಾರ್ಪಾಲು ಹೊದಿಸುವ ಖರ್ಚು ಅಲ್ಪ, ಹೊದಿಸದೆ ನೆನೆದರೆ ಆಗುವ ನಷ್ಟ ಇಡೀ ವರ್ಷದ್ದು. ಆತ ಎಂಟರಲ್ಲಿ ಒಂದು ಪಾಲಿಗೂ ಎದ್ದು ಹೋಗಿ ಹೊದಿಸಿ ಬರುವುದು ವಿವೇಕ. ಅದೇ ಅಂಕಿಯನ್ನು ನಂಬಿ ಇನ್ನೂ ಬಲಿಯದ ಬಾಳೆಗೊನೆಯನ್ನು ಕಡಿದು ಸಿಕ್ಕ ಬೆಲೆಗೆ ಮಾರುವುದು ವಿವೇಕವಲ್ಲ. ಒಂದೇ ಮುನ್ಸೂಚನೆಗೆ ಇಬ್ಬರು ಎರಡು ಬಗೆಯಲ್ಲಿ ನಡೆದುಕೊಳ್ಳಬೇಕಾದರೆ ಅವರಿಬ್ಬರಿಗೂ ಸಂಭವದ ಪ್ರಮಾಣ ತಿಳಿದಿರಬೇಕು. ಅದನ್ನು ಮರೆಮಾಡಿದ ಸುದ್ದಿ ಇಬ್ಬರ ಪರವಾಗಿಯೂ ತಾನೇ ತೀರ್ಮಾನ ಮಾಡಿಬಿಡುತ್ತದೆ.

ಕೆಂಪು, ಕಿತ್ತಳೆ, ಹಳದಿ

ಬಣ್ಣದ ಸಂಕೇತಗಳ ಕತೆ ಇನ್ನೂ ಗೋಜಲು. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನಿಸುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಸುದ್ದಿಮನೆಗಳಲ್ಲಿ ಇವನ್ನು ಮಳೆಯ ಪ್ರಮಾಣಕ್ಕೆ ನೇರವಾಗಿ ಗಂಟುಹಾಕುವ ರೂಢಿ ಬೆಳೆದಿದೆ. ‘ರೆಡ್ ಅಲರ್ಟ್: 204 ಮಿ.ಮೀ. ಮೀರಿ ಮಳೆ’ ಎಂಬ ಒಕ್ಕಣೆ ಸಾಮಾನ್ಯ. ವಾಸ್ತವದಲ್ಲಿ ಬಣ್ಣ ನಿರ್ಧಾರವಾಗುವುದು ಎರಡು ಸಂಗತಿಗಳ ಮೇಲೆ. ಆಗಬಹುದಾದ ಪರಿಣಾಮ ಎಷ್ಟು ತೀವ್ರ ಎಂಬುದು ಒಂದು, ಅದು ಆಗುವ ಸಂಭವ ಎಷ್ಟು ಎಂಬುದು ಇನ್ನೊಂದು. ಮಧ್ಯಮ ಪರಿಣಾಮದ, ಬಹುತೇಕ ಖಚಿತವಾದ ಮಳೆಗೂ ತೀವ್ರ ಪರಿಣಾಮದ, ಅಷ್ಟೇನೂ ಖಚಿತವಲ್ಲದ ಮಳೆಗೂ ಒಂದೇ ಬಣ್ಣ ಬರಬಹುದು. ಬಣ್ಣದಲ್ಲಿ ಅನಿಶ್ಚಿತತೆ ಆಗಲೇ ಸೇರಿಹೋಗಿದೆ ಎಂಬ ಸಂಗತಿ ಓದುಗರಿಗೆ ತಲುಪಿಯೇ ಇಲ್ಲ.

ಕೆಂಪು ಬಣ್ಣ ಎಂದರೆ ‘ರೆಡ್ ಅಲರ್ಟ್’ ಅಲ್ಲ, ‘ಕ್ರಮ ಕೈಗೊಳ್ಳಿ’ ಎಂದಷ್ಟೇ ಅರ್ಥ ಎಂದು ಇಲಾಖೆ ತನ್ನ ಪತ್ರಿಕಾ ಪ್ರಕಟಣೆಗಳ ಅಡಿಯಲ್ಲಿ ಸಣ್ಣಕ್ಷರದಲ್ಲಿ ಮುದ್ರಿಸುತ್ತ ಬಂದಿದೆ. ಆ ಸಾಲನ್ನು ಓದಿದ ಲಕ್ಷಣ ಸುದ್ದಿಮನೆಗಳಲ್ಲಿ ಕಾಣದು. ಅದೇ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ: ಯಾವುದೇ ದಿನದ ಮುನ್ಸೂಚನೆ ಅಂದು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಅನ್ವಯ. ‘ಬುಧವಾರ ಭಾರಿ ಮಳೆ’ ಎಂದು ಓದಿದವರು ಬುಧವಾರ ಸಂಜೆಯವರೆಗೂ ಆಕಾಶ ನೋಡಿ ‘ಇಲಾಖೆ ಹೇಳಿದ್ದು ಸುಳ್ಳಾಯಿತು’ ಎಂದು ಮಲಗಿದರೆ, ಗುರುವಾರದ ಬೆಳಗಿನ ಜಾವ ಸುರಿಯುವ ಮಳೆಯೂ ಇಲಾಖೆಯ ಲೆಕ್ಕದಲ್ಲಿ ಬುಧವಾರದ್ದೇ. ಮರುದಿನ ಬೆಳಿಗ್ಗೆ ಅಳೆದ ಮಳೆಯನ್ನು ಪತ್ರಿಕೆ ಯಾವ ದಿನದ ಖಾತೆಗೆ ಬರೆಯುತ್ತದೆ ಎಂಬುದರ ಮೇಲೆ ಮುನ್ಸೂಚನೆ ಸರಿಯೋ ತಪ್ಪೋ ಎಂಬುದೇ ಬದಲಾಗಿಬಿಡುತ್ತದೆ.

ಫೆಂಗಲ್ ಬಂದ ದಾರಿ

2024ರ ನವೆಂಬರ್ ಕೊನೆಯ ವಾರ ಬಂಗಾಳ ಕೊಲ್ಲಿಯಲ್ಲಿ ಎದ್ದ ಫೆಂಗಲ್ ಚಂಡಮಾರುತ ಈ ವಿಷಯಕ್ಕೆ ಒಳ್ಳೆಯ ನಿದರ್ಶನ. ನ. 27ರ ಹೊತ್ತಿಗೆ ಅದು ಚಂಡಮಾರುತವಾಗುವ ಅಂದಾಜಿತ್ತು. ಆಗಲಿಲ್ಲ. ಒಂದು ಹಂತದಲ್ಲಿ ಅದು ಚಂಡಮಾರುತವಾಗದೆ, ವಾಯುಭಾರ ಕುಸಿತವಾಗಿಯೇ ತೀರ ದಾಟಬಹುದು ಎಂದು ಇಲಾಖೆ ತಿಳಿಸಿತು. ನ. 29ರ ಮಧ್ಯಾಹ್ನ ಅದು ಚಂಡಮಾರುತವಾಗಿಯೇ ಬಿಟ್ಟಿತು. ನ. 30ರ ರಾತ್ರಿ ಪುದುಚೇರಿ ಬಳಿ ತೀರ ದಾಟಿದ ಮೇಲೆ ಮುಂದೆ ಸಾಗದೆ ಅಲ್ಲೇ ತಾಸುಗಟ್ಟಲೆ ನಿಂತು ಬಿಟ್ಟಿತು. ಪುದುಚೇರಿಯಲ್ಲಿ ಒಂದೇ ದಿನ 45 ಸೆಂ.ಮೀ.ಗೂ ಹೆಚ್ಚು ಮಳೆಯಾಯಿತು.

ಈ ದಿನಗಳ ಸುದ್ದಿಯನ್ನು ಸಾಲಾಗಿ ಓದಿದವರಿಗೆ ಇಲಾಖೆ ಗೊಂದಲದಲ್ಲಿದೆ ಎಂದೇ ಅನ್ನಿಸಿರಬೇಕು. ‘ಚಂಡಮಾರುತ ಭೀತಿ’, ‘ಭೀತಿ ದೂರ’, ‘ಮತ್ತೆ ಭೀತಿ’ ಎಂಬ ಧಾಟಿಯಲ್ಲಿ ತಲೆಬರಹಗಳು ಬದಲಾಗುತ್ತ ಹೋದವು. ನಿಜಕ್ಕೆ ನಡೆದದ್ದು ಬೇರೆ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ, ಅದಕ್ಕಿಂತ ಕೆಳಗಿದ್ದರೆ ತೀವ್ರ ವಾಯುಭಾರ ಕುಸಿತ. ಫೆಂಗಲ್ ಆ ಗೆರೆಯ ಆಚೀಚೆ ಓಲಾಡುತ್ತಿತ್ತು. ಗೆರೆಯ ಈಚೆ ಇದ್ದರೂ ಆಚೆ ಇದ್ದರೂ ಅದು ಹೊತ್ತು ತಂದ ನೀರಿನಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ. ಹೆಸರು ಬಿದ್ದರೆ ಮುಖಪುಟ, ಹೆಸರು ಹೋದರೆ ಒಳಪುಟ ಎಂಬ ಸುದ್ದಿಮನೆಯ ನಿಯಮಕ್ಕೆ ಮಳೆ ಬದ್ಧವಾಗಿರುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಬಳಿಕ ಸಂಭವಿಸಿತು. ಕ್ಯಾಮೆರಾಗಳೆಲ್ಲ ಕಡಲ ತೀರದಲ್ಲಿದ್ದಾಗ, ದುರ್ಬಲಗೊಂಡ ಚಂಡಮಾರುತ ಒಳನಾಡಿಗೆ ಸರಿದು ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಡಿ. 2ರ ಬೆಳಗಿಗೆ ಮುಗಿದ 24 ಗಂಟೆಗಳಲ್ಲಿ 50 ಸೆಂ.ಮೀ. ಆಸುಪಾಸು ಮಳೆ ಸುರಿಸಿತು. ತಿರುವಣ್ಣಾಮಲೆಯಲ್ಲಿ ಗುಡ್ಡ ಕುಸಿದು ಏಳು ಮಂದಿ ಮೃತಪಟ್ಟರು. ಎರಡೂ ಕಡಲಿನಿಂದ ದೂರದ ಊರುಗಳು. ‘ತೀರ ದಾಟಿತು’ ಎಂದರೆ ಮುಗಿಯಿತು ಎಂದು ಓದುಗರು ತಿಳಿಯುವಂತೆ ಬರೆಯುವ ಅಭ್ಯಾಸದ ಅಪಾಯ ಇಲ್ಲಿದೆ. ಡಿಸೆಂಬರ್ ಮೊದಲ ದಿನಗಳಲ್ಲಿ ಚಾಮರಾಜನಗರವೂ ಸೇರಿ ರಾಜ್ಯದ ದಕ್ಷಿಣದ ಹಲವು ಜಿಲ್ಲೆಗಳಲ್ಲಿ ಶಾಲೆಗಳಿಗೆ ರಜೆ ಘೋಷಿಸಲಾಯಿತು. ಕೃಷ್ಣಗಿರಿಯ ಪಕ್ಕದ್ದು ಧರ್ಮಪುರಿ ಜಿಲ್ಲೆ. ಅದು ಕಳೆದರೆ ಹೊಳೆಯ ಈಚೆಗೆ ಹನೂರಿನ ಕಾಡು. ರಾಗಿ ಕೊಯ್ಲಿನ ಕಾಲ ಬೇರೆ. ಊತಂಗರೈ ಮೇಲೆ ಬಿದ್ದದ್ದು ಇನ್ನಷ್ಟು ಪಶ್ಚಿಮಕ್ಕೆ ಬೀಳುವುದಿಲ್ಲ ಎಂದು ಎರಡು ದಿನ ಮುಂಚಿತವಾಗಿ ಯಾರೂ ಹೇಳಲಾರದ ಸ್ಥಿತಿ ಇತ್ತು.

ಚಂಡಮಾರುತದ ಕೇಂದ್ರ ಎಲ್ಲಿರುತ್ತದೆ ಎಂದು ಒಂದು ದಿನ ಮೊದಲು ಹೇಳುವಾಗ ಇಲಾಖೆಯ ಸರಾಸರಿ ತಪ್ಪು ಇತ್ತೀಚಿನ ವರ್ಷಗಳಲ್ಲಿ ಸುಮಾರು 75 ಕಿ.ಮೀ. ಆಸುಪಾಸಿಗೆ ಇಳಿದಿದೆ. ಮೂರು ದಿನ ಮೊದಲಾದರೆ ಅದರ ಎರಡರಷ್ಟು. ಇದು ದೊಡ್ಡ ಸಾಧನೆಯೇ. ಆದರೂ 75 ಕಿ.ಮೀ. ಎಂದರೆ ಕೊಳ್ಳೇಗಾಲದಿಂದ ಮೈಸೂರಿಗೆ ಇರುವುದಕ್ಕಿಂತ ಹೆಚ್ಚಿನ ದೂರ. ಅದಕ್ಕಾಗಿಯೇ ಇಲಾಖೆ ನಕ್ಷೆಯಲ್ಲಿ ಗೆರೆಯ ಜತೆಗೆ ಮುಂದೆ ಹೋದಂತೆ ಅಗಲವಾಗುವ ಶಂಕುವನ್ನು ಬರೆಯುತ್ತದೆ. ಅದು ತೋರಿಸುವುದು ಚಂಡಮಾರುತದ ಗಾತ್ರವನ್ನಲ್ಲ, ಕೇಂದ್ರ ಎಲ್ಲೆಲ್ಲಿ ಇರಬಹುದು ಎಂಬುದನ್ನು. ವಾಹಿನಿಗಳ ಸ್ಟುಡಿಯೋದಲ್ಲಿ ಶಂಕು ಮಾಯವಾಗಿ ನಡುವಿನ ಗೆರೆ ಉಳಿಯುತ್ತದೆ. ಗೆರೆಯ ತುದಿಗೆ ಗಿರಗಿರನೆ ತಿರುಗುವ ಚಕ್ರ ಸೇರಿಕೊಳ್ಳುತ್ತದೆ.

ವಿಜ್ಞಾನಿಗಳು ಹೀಗೆ ಹಿಂಜರಿದು ಮಾತನಾಡುವುದು ಧೈರ್ಯದ ಕೊರತೆಯಿಂದ ಅಲ್ಲ. ವಾತಾವರಣದ ಇಂದಿನ ಸ್ಥಿತಿಯನ್ನು ಮೂಲೆ ಮೂಲೆಯಲ್ಲೂ ಅಳೆಯಲು ಆಗದು. ಅಳತೆಯ ಸಣ್ಣ ಕೊರತೆ ದಿನ ಕಳೆದಂತೆ ದೊಡ್ಡದಾಗುತ್ತ ಹೋಗುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲೇ ತೋರಿಸಿದ್ದರು. ಆದ್ದರಿಂದ ಇಂದು ಕಂಪ್ಯೂಟರ್ ಮಾದರಿಯನ್ನು ಒಮ್ಮೆ ಅಲ್ಲ, ಆರಂಭದ ಅಂಕಿಗಳನ್ನು ತುಸು ತುಸು ಬದಲಿಸಿ ಹಲವಾರು ಬಾರಿ ಓಡಿಸಲಾಗುತ್ತದೆ. ಐವತ್ತರಲ್ಲಿ ನಲವತ್ತು ಓಟಗಳು ಮಳೆ ತೋರಿಸಿದರೆ ಒಂದು ಬಗೆಯ ಮಾತು, ಹದಿನೈದು ತೋರಿಸಿದರೆ ಇನ್ನೊಂದು. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ 6 ಕಿ.ಮೀ. ಚೌಕಗಳಲ್ಲಿ ಲೆಕ್ಕ ಮಾಡುತ್ತದೆ. ಹಿಂದೆ ಇದ್ದದ್ದು 12 ಕಿ.ಮೀ. ಹಾಗಿದ್ದರೂ ಒಂದು ಗುಡುಗಿನ ಮೋಡ ಆ ಚೌಕದೊಳಗೇ ಹುಟ್ಟಿ ಅಲ್ಲೇ ಕರಗಿಹೋಗಬಲ್ಲದು.

ಹೊಳೆಯ ಲೆಕ್ಕ ಬೇರೆ

ಹೂಗ್ಯಂನಿಂದ ಕೊಳ್ಳೇಗಾಲದ ಕಾವೇರಿ ದಂಡೆಗೆ ಬಂದರೆ ಚಿತ್ರ ತಿರುಗುಮುರುಗಾಗುತ್ತದೆ. ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿ, ಹಳೇ ಹಂಪಾಪುರ, ಯಡಕುರಿಯ ಮೊದಲಾದ ಗ್ರಾಮಗಳು 2018, 2019 ಹಾಗೂ 2024ರಲ್ಲಿ ಪ್ರವಾಹಕ್ಕೆ ಸಿಲುಕಿದವು. 2018ರ ಪ್ರವಾಹ ಶಿವನಸಮುದ್ರದ ಐತಿಹಾಸಿಕ ವೆಲ್ಲೆಸ್ಲಿ ಸೇತುವೆಯನ್ನೂ ಮುರಿಯಿತು. ಇಲ್ಲಿ ಪ್ರವಾಹ ಆಕಾಶದಿಂದ ಬೀಳುವಂಥದ್ದಲ್ಲ. ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳ ಗೇಟು ತೆರೆದ ಮೇಲೆ ತಾಸುಗಳ ಲೆಕ್ಕದಲ್ಲಿ ಹರಿದು ಬರುವಂಥದ್ದು. ನೀರು ಬಿಟ್ಟದ್ದು ಖಚಿತ, ಅದು ಬರುವುದೂ ಖಚಿತ. ಉಳಿದಿರುವ ಅನಿಶ್ಚಿತತೆ ಒಂದೇ: ಎಷ್ಟು ಎತ್ತರಕ್ಕೆ, ಯಾವ ಬೀದಿಯವರೆಗೆ?

ಸುದ್ದಿ ಸೋಲುವುದು ಇಲ್ಲಿ ಇನ್ನೊಂದು ಬಗೆಯಲ್ಲಿ. ಕೆ.ಆರ್.ಎಸ್. ಹೊರಹರಿವು ಮಂಡ್ಯದ ಸುದ್ದಿ, ಕಬಿನಿಯ ಹೊರಹರಿವು ಮೈಸೂರಿನ ಸುದ್ದಿ. ಎರಡೂ ನೀರು ತಿರುಮಕೂಡಲು ನರಸೀಪುರದಲ್ಲಿ ಕೂಡಿ ಕೊಳ್ಳೇಗಾಲಕ್ಕೆ ಒಟ್ಟಾಗಿ ಬರುತ್ತದೆ. ದಾಸನಪುರದ ಮನೆಯವರಿಗೆ ಬೇಕಾದದ್ದು ಕೂಡಿಸಿದ ಮೊತ್ತ. ಅದು ಚಾಮರಾಜನಗರದ ಪುಟದಲ್ಲಿ ಸಿಗುವುದು ಅಪರೂಪ. ಸಿಗುವುದು ಮರುದಿನದ ‘ಗ್ರಾಮ ಜಲಾವೃತ’ ಎಂಬ ಚಿತ್ರ. 2024ರ ಜುಲೈ ಕೊನೆಯಲ್ಲಿ ಕೆ.ಆರ್.ಎಸ್. ಒಂದರಿಂದಲೇ ಹೊರಹರಿವು ಒಂದು ಲಕ್ಷ ಕ್ಯುಸೆಕ್ ಮೀರಿತ್ತು. ಲಕ್ಷ ಕ್ಯುಸೆಕ್ ಎಂಬುದು ಕಿವಿಗೆ ದೊಡ್ಡ ಅಂಕಿ, ಆದರೆ ದಂಡೆಯ ಮನೆಯ ಹೊಸ್ತಿಲಿಗೆ ಅದರಿಂದ ಏನೂ ತಿಳಿಯದು. ‘2019ರಲ್ಲಿ ಬಂದಷ್ಟೇ ನೀರು ಬರಬಹುದು, ಅದಕ್ಕಿಂತ ಒಂದೆರಡು ಅಡಿ ಹೆಚ್ಚೂ ಆಗಬಹುದು’ ಎಂದರೆ ಊರಿನ ಪ್ರತಿಯೊಬ್ಬರಿಗೂ ಅರ್ಥವಾಗುತ್ತದೆ. ಆ ವರ್ಷದ ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ಅವರಿಗೆ ಗೊತ್ತು. ಕೇಂದ್ರ ಜಲ ಆಯೋಗ ಕೊಳ್ಳೇಗಾಲದಲ್ಲೇ ಕಾವೇರಿಯ ಮಟ್ಟವನ್ನು ಅಳೆಯುತ್ತದೆ. ಹಾಗೆ ಹೇಳಲು ಬೇಕಾದ ಅಂಕಿಗಳಿಗೆ ಕೊರತೆ ಇಲ್ಲ.

ಯಳಂದೂರಿನ ಸುವರ್ಣಾವತಿ ಹೊಳೆಯ ಸ್ವಭಾವ ಇದಕ್ಕೂ ಬೇರೆ. ಅದರ ಜಲಾನಯನ ಸಣ್ಣದು, ನೀರು ಬೇಗ ಬರುತ್ತದೆ. 2022ರಲ್ಲಿ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ತುಂಬಿ ಹೊಳೆಯಂಚಿನ ಜಮೀನುಗಳಿಗೆ ನೀರು ನುಗ್ಗಿದಾಗ ಎಚ್ಚರಿಕೆಗೆ ಸಿಕ್ಕ ಸಮಯ ಕಾವೇರಿ ದಂಡೆಯವರಿಗೆ ಸಿಗುವಷ್ಟು ಇರುವುದು ಸಾಧ್ಯವಿರಲಿಲ್ಲ.

ಅಂಕಿಯನ್ನು ಒಂಟಿಯಾಗಿ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನೆಲ್ಲೆಡೆ ಉದಾಹರಿಸುವ ಘಟನೆ ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್ ಪಟ್ಟಣದ್ದು. 1997ರ ಏಪ್ರಿಲ್‌ನಲ್ಲಿ ಅಲ್ಲಿನ ರೆಡ್ ನದಿ 49 ಅಡಿಗೆ ಏರುತ್ತದೆ ಎಂದು ಮುನ್ಸೂಚನೆ ನೀಡಲಾಗಿತ್ತು. ಜನ ಆ ಅಂಕಿಯನ್ನು ನಂಬಿ, ಅದಕ್ಕೆ ತುಸು ಮೇಲೆ ಮರಳಿನ ಚೀಲ ಪೇರಿಸಿದರು. ನದಿ 54 ಅಡಿ ದಾಟಿತು. ಪಟ್ಟಣವನ್ನೇ ತೆರವು ಮಾಡಬೇಕಾಯಿತು. ಅಂಥ ಮುನ್ಸೂಚನೆಗಳಲ್ಲಿ ಹಲವು ಅಡಿಗಳ ಹೆಚ್ಚುಕಡಿಮೆ ಆಗುವುದುಂಟು ಎಂಬುದು ತಜ್ಞರಿಗೆ ತಿಳಿದಿತ್ತು. ಜನರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅಂಕಿ ತಪ್ಪಾದದ್ದಕ್ಕಿಂತ, ಅದು ತಪ್ಪಾಗಬಹುದು ಎಂದು ಹೇಳದೆ ಹೋದದ್ದೇ ಅಲ್ಲಿ ಹೆಚ್ಚು ಚರ್ಚೆಗೆ ಕಾರಣವಾಯಿತು.

ಮೂರು ಗಂಟೆಯ ಗುಡುಗು

ಕೊಳ್ಳೇಗಾಲ, ಯಳಂದೂರು ಭಾಗದಲ್ಲಿ ಏಪ್ರಿಲ್-ಮೇ ಬಂತೆಂದರೆ ಬಿರುಗಾಳಿಗೆ ನೆಲಕಚ್ಚಿದ ಬಾಳೆ ತೋಟಗಳ ಸುದ್ದಿ ತಪ್ಪಿದ್ದಲ್ಲ. ಕಾಡಂಚಿನ ಹಳ್ಳಿಗಳಲ್ಲಿ ದನ, ಕುರಿ ಮೇಯಿಸುವವರಿಗೆ ಸಿಡಿಲಿನ ಭಯ. ಊರಿನ ಈ ಬದಿ ಮಳೆ ಸುರಿದು ಆ ಬದಿ ಬಿಸಿಲಿರುವ ಕಾಲವಿದು. ಮೂರು ದಿನ ಮೊದಲು ‘ಗುಡುಗು ಸಹಿತ ಮಳೆ ಸಾಧ್ಯತೆ’ ಎಂದು ಹೇಳಬಹುದೇ ಹೊರತು ಯಾವ ಹಳ್ಳಿ, ಎಷ್ಟು ಹೊತ್ತಿಗೆ ಎಂದು ಹೇಳುವ ವಿದ್ಯೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಮೋಡ ಮೇಲೆದ್ದ ಬಳಿಕ ರಾಡಾರ್, ಉಪಗ್ರಹ ನೋಡಿ ಮುಂದಿನ ಮೂರು ಗಂಟೆಗಳಿಗೆ ಇಲಾಖೆ ‘ನೌಕಾಸ್ಟ್’ ಎಂಬ ತತ್‌ಕ್ಷಣದ ಮುನ್ಸೂಚನೆ ನೀಡುತ್ತದೆ. ಅದರ ಆಯುಷ್ಯವೇ ಮೂರು ಗಂಟೆ.

ಮುದ್ರಿತ ಪತ್ರಿಕೆ ಇದನ್ನು ಹೊತ್ತು ತರಲಾರದು. ಜಾಲತಾಣಗಳು ತರಬಲ್ಲವು, ತರುತ್ತಿವೆ ಕೂಡ. ತೊಡಕಿರುವುದು ಗಡಿಯಾರದಲ್ಲಿ. ‘ಮುಂದಿನ ಮೂರು ಗಂಟೆ ಎಚ್ಚರ’ ಎಂಬ ಶೀರ್ಷಿಕೆಯ ಸುದ್ದಿಯಲ್ಲಿ ಯಾವ ಮೂರು ಗಂಟೆ ಎಂಬುದೇ ಇರುವುದಿಲ್ಲ. ಅದು ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಸಾಗಿ ರಾತ್ರಿಯಲ್ಲೂ, ಮರುದಿನವೂ, ಕೆಲವೊಮ್ಮೆ ಮರುವರ್ಷವೂ ಓದುಗರನ್ನು ಮುಟ್ಟುತ್ತದೆ. ಪ್ರಕಟಣೆ ಹೊರಟ ಸಮಯ, ಅದು ಮುಗಿಯುವ ಸಮಯ ಇವೆರಡನ್ನು ತಲೆಬರಹದ ಕೆಳಗೆ ಬರೆಯುವುದು ಹೆಚ್ಚಿನ ಶ್ರಮದ ಕೆಲಸವೇನಲ್ಲ. ಸಿಡಿಲಿನ ವಿಷಯದಲ್ಲಂತೂ ಅನಿಶ್ಚಿತತೆಯನ್ನು ವಿವರಿಸುತ್ತ ಕೂರುವ ಅಗತ್ಯವೂ ಇಲ್ಲ. ಗುಡುಗು ಕೇಳಿಸಿತೆಂದರೆ ಸಿಡಿಲು ಎರಗಬಲ್ಲಷ್ಟು ಹತ್ತಿರವಿದೆ. ಮರದ ಬುಡ ಬಿಟ್ಟು ಗಟ್ಟಿ ಕಟ್ಟಡ ಸೇರಬೇಕು. ಇದನ್ನು ಸಂಭವದ ಲೆಕ್ಕವಿಲ್ಲದೆಯೇ ಹೇಳಬಹುದು.

ವರುಣನ ಆರ್ಭಟ

ಕನ್ನಡ ಹವಾಮಾನ ವರದಿಯ ಭಾಷೆಯನ್ನು ಗಮನಿಸಿದವರಿಗೆ ‘ವರುಣನ ಆರ್ಭಟ’, ‘ಮಳೆರಾಯನ ಅವಾಂತರ’, ‘ರಣಭೀಕರ ಮಳೆ’ ಪರಿಚಿತ. ಪುರಾಣದ ನುಡಿಗಟ್ಟು ಕೇಳಲು ಸೊಗಸು, ನಿಜ. ಆದರೆ ಆರ್ಭಟಿಸುವ ವರುಣನಿಗೆ ಶೇಕಡಾವಾರು ಸಂಭವ ಇರುವುದಿಲ್ಲ. ಅವನು ಬರುತ್ತಾನೆ, ಇಲ್ಲವೇ ಮುನಿಯುತ್ತಾನೆ. 30 ಮಿ.ಮೀ. ಮಳೆಗೂ 150 ಮಿ.ಮೀ. ಮಳೆಗೂ ಒಂದೇ ‘ಆರ್ಭಟ’ ಬಳಸಿದ ಮೇಲೆ, ನಿಜಕ್ಕೂ ಅಪಾಯ ಬಂದ ದಿನ ಬಳಸಲು ಪದವೇ ಉಳಿಯುವುದಿಲ್ಲ.

ಅನಿಶ್ಚಿತತೆ ಹೇಳಿದರೆ ಜನ ಎಚ್ಚರಿಕೆಯನ್ನು ಕಡೆಗಣಿಸುತ್ತಾರೆ ಎಂಬ ವಾದವೊಂದಿದೆ. ಅಧಿಕಾರಿಗಳಿಗೂ ಸಂಪಾದಕರಿಗೂ ಇದು ಪ್ರಿಯವಾದ ವಾದ. ಜಿಲ್ಲಾಧಿಕಾರಿ ರಾತ್ರಿಯೊಳಗೆ ರಜೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಅರ್ಧ ರಜೆ ಎಂಬುದಿಲ್ಲ. (ಮಳೆ ಸುದ್ದಿಗಳಲ್ಲಿ ಮಕ್ಕಳು ಆಸೆಯಿಂದ ಹುಡುಕುವುದೂ ಅದೊಂದನ್ನೇ.) ಆದರೆ ‘ತೋಳ ಬಂತು ತೋಳ’ ಕತೆಯ ಹುಡುಗನನ್ನು ಹಳ್ಳಿಗರು ನಂಬದೆ ಹೋದದ್ದು ಅವನು ‘ಬಂದಿರಬಹುದು’ ಎಂದದ್ದಕ್ಕಲ್ಲ, ‘ಬಂತು’ ಎಂದದ್ದಕ್ಕೆ. ‘ಬಹುದು’ ಎಂದವನು ಸುಳ್ಳುಗಾರನಾಗುವುದಿಲ್ಲ. ಅಮೆರಿಕದಲ್ಲಿ 1960ರ ದಶಕದಿಂದಲೇ ಮಳೆಯ ಸಂಭವವನ್ನು ಶೇಕಡಾವಾರಿನಲ್ಲಿ ಜನರಿಗೆ ಹೇಳಲಾಗುತ್ತಿದೆ. ಅಲ್ಲಿನವರು ಇದರಿಂದ ಕೊಡೆ ಹಿಡಿಯುವುದನ್ನು ಬಿಟ್ಟಿಲ್ಲ. ಮಳೆಯನ್ನೇ ನೆಚ್ಚಿದ ಹನೂರಿನ ಬೇಸಾಯಗಾರನಿಗೆ ಸಂಭವದ ಭಾಷೆ ಹೊಸದು ಎಂದುಕೊಳ್ಳುವುದು ನಗರದವರ ಭ್ರಮೆ. ಅವನು ಪ್ರತಿ ಬಿತ್ತನೆಯಲ್ಲೂ ಅದೇ ಲೆಕ್ಕ ಹಾಕುತ್ತಾನೆ.

ಬರದ ಸುದ್ದಿಯಲ್ಲೂ ಇದೇ ಕತೆ. 2023ರ ಏಪ್ರಿಲ್‌ನಲ್ಲಿ ಇಲಾಖೆ, ದೇಶದಲ್ಲಿ ಮುಂಗಾರು ದೀರ್ಘಾವಧಿ ಸರಾಸರಿಯ ಶೇ 96ರಷ್ಟು ಇರುತ್ತದೆ, ಇದರಲ್ಲಿ ಶೇ 5ರಷ್ಟು ಹೆಚ್ಚುಕಡಿಮೆ ಆಗಬಹುದು ಎಂದಿತ್ತು. ‘ವಾಡಿಕೆ ಮಳೆ: ರೈತರಿಗೆ ಸಿಹಿ ಸುದ್ದಿ’ ಎಂಬ ಧಾಟಿಯಲ್ಲಿ ಅದು ಓದುಗರಿಗೆ ತಲುಪಿತು. ಕೊನೆಗೆ ದೇಶದಲ್ಲಿ ಆದದ್ದು ಶೇ 94. ಇಲಾಖೆ ಹೇಳಿದ ಮಿತಿಯೊಳಗೇ ಇತ್ತು. ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮುನ್ಸೂಚನೆ ಸುಳ್ಳಾಗಲಿಲ್ಲ, ಅದು ಕರ್ನಾಟಕದ ಬಗ್ಗೆ ಆಡಿದ ಮಾತೇ ಆಗಿರಲಿಲ್ಲ.

ಹೇಳಿದ್ದೆಷ್ಟು, ಬಿದ್ದದ್ದೆಷ್ಟು ಎಂದು ಅಕ್ಕಪಕ್ಕ ಇಟ್ಟು ತೋರಿಸುವ ಪದ್ಧತಿ ಕನ್ನಡ ಪತ್ರಿಕೋದ್ಯಮದಲ್ಲಿ ಬೆಳೆದಿಲ್ಲ. ಕ್ರಿಕೆಟ್ ಆಟಗಾರನ ಸರಾಸರಿಯನ್ನು ದಶಾಂಶದವರೆಗೆ ಮುದ್ರಿಸುವ ಪುಟಗಳಲ್ಲಿ ಹವಾಮಾನ ಇಲಾಖೆಯ ಸರಾಸರಿ ಕಾಣದು. ಅದಕ್ಕೆ ಬೇಕಾದ ಅಳತೆಗಳು ರಾಜ್ಯದಲ್ಲಿ ಧಾರಾಳವಾಗಿವೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆ ಮಾಪಕಗಳನ್ನು ಅಳವಡಿಸಿದೆ. ಹೋಬಳಿ ಮಟ್ಟದ ಮುನ್ಸೂಚನೆಯನ್ನೂ ಅದು ನೀಡುತ್ತ ಬಂದಿದೆ. ಸಿಡಿಲಿನ ಮಾಹಿತಿಗೆ ಅದರ ‘ಸಿಡಿಲು’ ಆ್ಯಪ್ ಹಾಗೂ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇವೆ. ಮೊಬೈಲ್ ಸಂಕೇತ ದುರ್ಬಲವಾಗಿರುವ ಕಾಡಂಚಿನ ಊರುಗಳಲ್ಲಿ ಆ್ಯಪ್‌ಗಳ ಉಪಯೋಗ ಅಷ್ಟಕ್ಕಷ್ಟೇ. ಅಂಥ ಕಡೆ ಸಾದಾ ಫೋನ್ ಸಾಕಾಗುವ ‘ವರುಣ ಮಿತ್ರ’ ಸಹಾಯವಾಣಿಯೇ ಮೇಲು. ಕರೆ ಮಾಡಿ ತಮ್ಮ ಊರಿನ ಹೆಸರು ಹೇಳಿದವರಿಗೆ ಆ ಭಾಗದ ಮಳೆಯ ಮುನ್ಸೂಚನೆಯನ್ನು ಕನ್ನಡದಲ್ಲೇ ತಿಳಿಸಲಾಗುತ್ತದೆ.